ಗ್ರೀನ್‌ವುಡ್ ಮಾಲ್‌ನ ಯುವಕನ ಬಳಿ ಲೈಸೆನ್ಸ್ ಇರಲಿಲ್ಲ

ಅಮೆರಿಕದ ಇಂಡಿಯಾನಾ ರಾಜ್ಯದ ಮಾಲ್ ಗುಂಡಿನ ದಾಳಿಯ ಬಗ್ಗೆ ಒಂದು ಸಂದೇಶ ಓಡಾಡುತ್ತಿದೆ. 'ಲೈಸೆನ್ಸ್ ಪಡೆದು, ತರಬೇತಿ ಮುಗಿಸಿದ್ದ ಯುವಕ ಎರಡು ನಿಮಿಷದಲ್ಲಿ ಹಂತಕನನ್ನು ಹೊಡೆದುರುಳಿಸಿದ' ಅನ್ನುತ್ತದೆ ಅದು. ಹೊಡೆದುರುಳಿಸಿದ್ದು ನಿಜ. ಉಳಿದದ್ದು ತಪ್ಪು.

ಘಟನೆ ನಡೆದದ್ದು 2022ರ ಜುಲೈ 17ರಂದು, ಗ್ರೀನ್‌ವುಡ್ ಪಾರ್ಕ್ ಮಾಲ್‌ನ ಫುಡ್ ಕೋರ್ಟ್‌ನಲ್ಲಿ. ಹಂತಕನ ಗುಂಡಿಗೆ ಮೂವರು ಸತ್ತರು. 22 ವರ್ಷದ ಆ ಯುವಕನ ಬಳಿ ಲೈಸೆನ್ಸ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅರ್ಹ ವಯಸ್ಕರು ಲೈಸೆನ್ಸ್ ಇಲ್ಲದೆಯೇ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು ಎಂಬ ಕಾನೂನು ಅಲ್ಲಿ ಜುಲೈ 1ರಂದೇ ಜಾರಿಗೆ ಬಂದಿತ್ತು. ಅಂದರೆ ಬರೀ ಹದಿನಾರು ದಿನ ಮೊದಲು! ಪೊಲೀಸ್ ಅಥವಾ ಮಿಲಿಟರಿ ತರಬೇತಿಯೂ ಅವನಿಗೆ ಆಗಿರಲಿಲ್ಲ. ಗುಂಡು ಹಾರಿಸೋದನ್ನು ಕಲಿಸಿದ್ದು ಅಜ್ಜ.

ಎರಡು ನಿಮಿಷದ ಲೆಕ್ಕ ಯಾರೋ ಸುಮ್ನೆ ಹುಟ್ಟಿಸಿದ್ದಲ್ಲ. ಮೊದಲು ಪೊಲೀಸರೇ ಹಾಗೆ ಹೇಳಿದ್ದರು. ಕ್ಯಾಮೆರಾ ದೃಶ್ಯ ನೋಡಿದ ಮೇಲೆ ತಿದ್ದಿಕೊಂಡರು: ಬರೀ 15 ಸೆಕೆಂಡ್. ಅಷ್ಟರಲ್ಲಿ ಹಂತಕ 24 ಗುಂಡು ಹಾರಿಸಿದ್ದ. ಯುವಕ ಹಾರಿಸಿದ್ದು ಹತ್ತು, ಅದರಲ್ಲಿ ಎಂಟು ತಗುಲಿದವು.

ಇನ್ನೊಂದು ಗುಂಪು, 'ಮಾಲ್‌ನಲ್ಲಿ ಬಂದೂಕು ನಿಷೇಧ, ಹಾಗಾಗಿ ಅವನೂ ಅಪರಾಧಿ' ಅನ್ನುತ್ತಿದೆ. ನಿಷೇಧ ಇದ್ದದ್ದು ಹೌದು, ಆದರೆ ಅದು ಮಾಲ್‌ನವರು ಮಾಡಿಕೊಂಡ ನಿಯಮ, ರಾಜ್ಯದ ಕಾನೂನಲ್ಲ. ಹೊರಗೆ ಹೋಗಿ ಅಂದಾಗಲೂ ಹೋಗದಿದ್ದರೆ ಅತಿಕ್ರಮ ಪ್ರವೇಶದ ಕೇಸು ಆಗಬಹುದು, ಅಷ್ಟೇ. ಅವನ ಮೇಲೆ ಯಾವ ಕೇಸೂ ಆಗಲಿಲ್ಲ.