ಮೊದಲು ಶೇರ್ ಮಾಡಿ, ರಸೀದಿ ಆಮೇಲೆ

2012ರ ಮಾರ್ಚ್ 4ರಂದು ಅಮೆರಿಕದ ಯಾವುದಾದರೂ ಕಾಲೇಜಿಗೆ ಹೋಗಿ ಜೋಸೆಫ್ ಕೋನಿ ಯಾರು ಎಂದು ಕೇಳಿದ್ದರೆ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಒಂದು ವಾರ ಬಿಟ್ಟು ಹೋಗಿದ್ದರೆ, ಅವನನ್ನು ಹಿಡಿಯುವುದು ಹೇಗೆ ಎಂದು ಅವರೇ ನಿಮಗೆ ಪಾಠ ಮಾಡುತ್ತಿದ್ದರು.

ನಡುವೆ ಆದದ್ದು ಇಷ್ಟೇ. ಸ್ಯಾನ್ ಡಿಯೇಗೋದ ಇನ್‌ವಿಸಿಬಲ್ ಚಿಲ್ಡ್ರನ್ ಎಂಬ ಸಂಸ್ಥೆ ಮಾರ್ಚ್ 5ರಂದು ಯೂಟ್ಯೂಬ್‌ಗೆ ಅರ್ಧ ಗಂಟೆಯ ಒಂದು ವಿಡಿಯೋ ಹಾಕಿತು. ಹೆಸರು 'ಕೋನಿ 2012'. ಆರೇ ದಿನಕ್ಕೆ ಹತ್ತು ಕೋಟಿ ವ್ಯೂ. ಅಲ್ಲಿಯವರೆಗೆ ಅಷ್ಟು ಬೇಗ ಓಡಿದ ವಿಡಿಯೋ ಇನ್ನೊಂದು ಇರಲಿಲ್ಲ.

ವಿಡಿಯೋ ಹೇಳಿದ ಕಥೆ ಸುಳ್ಳಲ್ಲ. ಕೋನಿಯ ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ ಎಂಬ ಬಂಡುಕೋರ ಪಡೆ ಉತ್ತರ ಉಗಾಂಡದಲ್ಲಿ ಸಾವಿರಾರು ಮಕ್ಕಳನ್ನು ಹೊತ್ತೊಯ್ದು, ಗಂಡುಮಕ್ಕಳ ಕೈಗೆ ಬಂದೂಕು ಕೊಟ್ಟು, ಹೆಣ್ಣುಮಕ್ಕಳನ್ನು ತನ್ನವರಿಗೆ ಹಂಚಿದ್ದು ನಿಜ. 2005ರಲ್ಲೇ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ ಅವನ ಮೇಲೆ ವಾರಂಟ್ ಹೊರಡಿಸಿತ್ತು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ನಗು ಬರುವುದು ಪರಿಹಾರ ಕೇಳಿದಾಗ.

ಪರಿಹಾರ ಏನಪ್ಪಾ ಅಂದರೆ: ವಿಡಿಯೋ ಶೇರ್ ಮಾಡಿ. 30 ಡಾಲರ್ ಕೊಟ್ಟು ಒಂದು ಕಿಟ್ ತರಿಸಿಕೊಳ್ಳಿ. ಅದರಲ್ಲಿ ಟಿ-ಶರ್ಟು, ಕೈಗೆ ಹಾಕಿಕೊಳ್ಳುವ ಬ್ಯಾಂಡು, ಪೋಸ್ಟರು. ಏಪ್ರಿಲ್ 20ರ ರಾತ್ರಿ ಆ ಪೋಸ್ಟರುಗಳನ್ನು ಊರೆಲ್ಲ ಅಂಟಿಸಿ. ಆಗ ಕೋನಿ ಎಷ್ಟು ಫೇಮಸ್ ಆಗುತ್ತಾನೆಂದರೆ ಅವನಿಗೆ ತಪ್ಪಿಸಿಕೊಳ್ಳಲು ಆಗುವುದೇ ಇಲ್ಲ. ಮಧ್ಯ ಆಫ್ರಿಕಾದ ದಟ್ಟ ಕಾಡಿನಲ್ಲಿ, ಕರೆಂಟೂ ಇಲ್ಲದ ಜಾಗದಲ್ಲಿ ಕೂತವನು ಕೆನಡಾದ ಲೈಟುಕಂಬದ ಮೇಲೆ ತನ್ನ ಮುಖ ಇದೆ ಎಂದು ತಿಳಿದು ನಡುಗಿಹೋಗಬೇಕು.

ಪೂರ್ತಿ ಹುಚ್ಚು ಅನ್ನಲೂ ಆಗದು, ಬಿಡಿ. 2011ರ ಅಕ್ಟೋಬರ್‌ನಲ್ಲಿ ಒಬಾಮ ಸರ್ಕಾರ ಕೋನಿಯ ಬೇಟೆಗೆ ಸಹಾಯ ಮಾಡಲು ಸುಮಾರು ನೂರು ಜನ ಸೇನಾ ಸಲಹೆಗಾರರನ್ನು ಕಳಿಸಿತ್ತು. ಜನ ಮರೆತರೆ ಅವರನ್ನು ವಾಪಸ್ ಕರೆಸಿಕೊಳ್ಳುತ್ತಾರೆ, ಅದಕ್ಕೇ ಗಲಾಟೆ ಮಾಡುತ್ತಲೇ ಇರಬೇಕು ಎನ್ನುವುದು ಸಂಸ್ಥೆಯ ವಾದ. ಆದರೆ ಆ ವಾದಕ್ಕೆ 30 ಡಾಲರ್ ಕೊಟ್ಟವರು ಎಷ್ಟು ಜನ, ಬ್ಯಾಂಡು ಚೆನ್ನಾಗಿದೆ ಅಂತ ಕೊಟ್ಟವರು ಎಷ್ಟು ಜನ ಎಂದು ಕೇಳಬೇಡಿ.

ಈಗ ಆಡಿಟರ್‌ಗಳ ಪ್ರವೇಶ.

ವಿಡಿಯೋ ಬಂದು ಎರಡು ಮೂರು ದಿನ ಆಗಿತ್ತಷ್ಟೆ. ಅಳುತ್ತಾ ಶೇರ್ ಮಾಡಿದವರೇ ಕಣ್ಣೊರೆಸಿಕೊಂಡು ಸಿಎಗಳಾಗಿ ಕೂತರು. ಸಂಸ್ಥೆಯ ಹಿಂದಿನ ವರ್ಷದ ಲೆಕ್ಕಪತ್ರ ಹೊರಗೆ ಬಂತು. 'ಹೊರಗೆ ಬಂತು' ಅನ್ನುವುದೂ ತಪ್ಪು, ಅದು ಸಂಸ್ಥೆಯ ವೆಬ್‌ಸೈಟಿನಲ್ಲೇ ಇತ್ತು. ಯಾರೂ ತೆರೆದು ನೋಡಿರಲಿಲ್ಲ, ಅಷ್ಟೇ. ಖರ್ಚು ಸುಮಾರು 87 ಲಕ್ಷ ಡಾಲರ್. ಅದರಲ್ಲಿ ನೇರವಾಗಿ ಆಫ್ರಿಕಾದ ಜನರ ಕೆಲಸಕ್ಕೆ ಹೋದದ್ದು ಶೇಕಡಾ 32. ಉಳಿದದ್ದು ಸಿನಿಮಾ, ಪ್ರಯಾಣ, ಸಂಬಳ. ಸಂಸ್ಥೆಯ ಮೂವರು ಮುಖ್ಯಸ್ಥರಿಗೆ ವರ್ಷಕ್ಕೆ ತಲಾ ಹತ್ತಿರ ಹತ್ತಿರ 90 ಸಾವಿರ ಡಾಲರ್.

ಮೋಸ, ಮೋಸ! ಶೇಕಡಾ 32 ಎನ್ನುವುದು ವಿಡಿಯೋದಷ್ಟೇ ಜೋರಾಗಿ ಓಡಿತು. ಅದನ್ನು ಹರಡಿದವರು ಲೆಕ್ಕಪತ್ರ ತೆರೆದಿದ್ದರೇ? ಸುಮ್ನೆ ಯಾಕೆ ಕೇಳುತ್ತೀರಿ. ಅವರು ವಿಡಿಯೋವನ್ನೂ ಅರ್ಧಕ್ಕೇ ನಿಲ್ಲಿಸಿರುತ್ತಾರೆ.

ಸಂಸ್ಥೆ ತಿರುಗಿ ಉತ್ತರ ಕೊಟ್ಟಿತು: ಸ್ವಾಮಿ, ನಾವು ಶೇಕಡಾ 80ರಷ್ಟನ್ನು ನಮ್ಮ ಕಾರ್ಯಕ್ರಮಗಳಿಗೇ ಖರ್ಚು ಮಾಡಿದ್ದೇವೆ.

ಒಂದೇ ಪುಸ್ತಕ, ಎರಡು ಲೆಕ್ಕ. ಮಜಾ ಏನೆಂದರೆ ಎರಡೂ ಸರಿ. ಸಿನಿಮಾ ಮಾಡುವುದು, ಅದನ್ನು ವ್ಯಾನಿನಲ್ಲಿ ಹೇರಿಕೊಂಡು ಶಾಲೆ ಶಾಲೆ ಸುತ್ತಿ ತೋರಿಸುವುದು, ಇದೆಲ್ಲ ಸಂಸ್ಥೆಯ ಪ್ರಕಾರ 'ಕಾರ್ಯಕ್ರಮ'. ಟೀಕೆ ಮಾಡಿದವರ ಪ್ರಕಾರ ಅದು ಸಿನಿಮಾ.

ನಮ್ಮ ಬೀದಿಗೆ ಹುಡುಗರು ಗಣೇಶನ ಚಂದಾ ಕೇಳಲು ಬಂದಾಗ ನೋಡಬೇಕು. ನೂರು ರೂಪಾಯಿ ಕೊಡುವುದಕ್ಕೆ ಮುಂಚೆ ಮನೆ ಯಜಮಾನರು ಗೇಟಿಗೆ ಒರಗಿ ವಿಚಾರಣೆ ಶುರು ಮಾಡುತ್ತಾರೆ. ಹೋದ ವರ್ಷದ ಲೆಕ್ಕ ಎಲ್ಲಪ್ಪಾ? ಆರ್ಕೆಸ್ಟ್ರಾಗೆ ಎಷ್ಟು ಸುರಿದ್ರಿ? ಪ್ರಸಾದ ನಮ್ಮ ಮನೆಗೆ ಯಾಕೆ ಬರಲಿಲ್ಲ? ಹುಡುಗರೂ ಪ್ರಾಮಾಣಿಕರು. "ಆರ್ಕೆಸ್ಟ್ರಾ ಇಲ್ದಿದ್ರೆ ಯಾರು ಬರ್ತಾರೆ ಅಂಕಲ್?" ಅನ್ನುತ್ತಾರೆ. ಇನ್‌ವಿಸಿಬಲ್ ಚಿಲ್ಡ್ರನ್ ಕೊಟ್ಟದ್ದೂ ಇದೇ ಉತ್ತರ, ಸ್ವಲ್ಪ ಒಳ್ಳೆಯ ಇಂಗ್ಲಿಷಿನಲ್ಲಿ. ವ್ಯತ್ಯಾಸ ಒಂದೇ. ಗಣೇಶನ ಅಂಕಲ್ ವಿಚಾರಣೆ ಮುಗಿಸಿ ದುಡ್ಡು ಕೊಡುತ್ತಾರೆ. ಕೋನಿ ವಿಷಯದಲ್ಲಿ ಎಲ್ಲರೂ ದುಡ್ಡು ಕೊಟ್ಟು ವಿಚಾರಣೆಗೆ ಕೂತರು.

ಶೇಕಡಾವಾರು ಜಗಳ ಬೇಸರ ಬಂದವರಿಗೆ ಸ್ಟಾರ್ ಇತ್ತು. ಚಾರಿಟಿ ನ್ಯಾವಿಗೇಟರ್ ಎಂಬ ಅಮೆರಿಕದ ಸಂಸ್ಥೆ ದಾನದ ಸಂಸ್ಥೆಗಳಿಗೆ ಹೋಟೆಲಿಗೆ ಕೊಟ್ಟಂತೆ ಸ್ಟಾರ್ ಕೊಡುತ್ತದೆ. ಇವರಿಗೆ ಒಟ್ಟಾರೆ ನಾಲ್ಕರಲ್ಲಿ ಮೂರು, ಹೊಣೆಗಾರಿಕೆಯಲ್ಲಿ ಮಾತ್ರ ಎರಡು. ಎರಡೇ ಸ್ಟಾರ್! ಹಾಗಾದರೆ ಕಳ್ಳರೇ ಸರಿ! ಕಾರಣ ನೋಡಿದರೆ, ಆಡಳಿತ ಮಂಡಳಿಯಲ್ಲಿ ಮತ ಹಾಕುವ ಸ್ವತಂತ್ರ ಸದಸ್ಯರು ಐವರು ಇರಬೇಕಿತ್ತು, ನಾಲ್ವರಿದ್ದರು. ಯಾರಾದರೂ ಒಬ್ಬ ಮರ್ಯಾದಸ್ಥರನ್ನು ಕರೆದು ಕುರ್ಚಿ ಹಾಕಿ ಕೂರಿಸಿದ್ದರೆ ಸ್ಟಾರ್ ಏರುತ್ತಿತ್ತು. ಕೋನಿಗೆ ಇದರಿಂದ ಏನಾಗುತ್ತಿತ್ತು ಎನ್ನುವುದು ಬೇರೆ ವಿಷಯ.

ಇಷ್ಟೆಲ್ಲ ಲೆಕ್ಕ ನೋಡಿದವರಲ್ಲಿ ಬಹಳ ಜನ ಕೇಳದೇ ಬಿಟ್ಟ ಒಂದು ಸಣ್ಣ ಪ್ರಶ್ನೆ ಇತ್ತು. ಕೋನಿ ಎಲ್ಲಿದ್ದಾನೆ?

ಉಗಾಂಡದಲ್ಲಂತೂ ಇರಲಿಲ್ಲ. ಅವನ ಪಡೆ 2006ರ ಹೊತ್ತಿಗೇ ಅಲ್ಲಿಂದ ಕಾಲ್ಕಿತ್ತಿತ್ತು. 2012ರಲ್ಲಿ ಅಳಿದುಳಿದ ಕೆಲವು ನೂರು ಜನ ಕಾಂಗೋ, ಮಧ್ಯ ಆಫ್ರಿಕಾ ಗಣರಾಜ್ಯ, ದಕ್ಷಿಣ ಸುಡಾನ್‌ನ ಕಾಡುಗಳಲ್ಲಿ ಚದುರಿಹೋಗಿದ್ದರು. ವಿಡಿಯೋ ಇದನ್ನು ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತದೆ, ನೀವು ಆಗ ಕಣ್ಣೊರೆಸಿಕೊಳ್ಳುತ್ತಿದ್ದರೆ ತಪ್ಪಿಹೋಗುವಷ್ಟು ಬೇಗ. ಕೊನೆಗೆ ಉಗಾಂಡದ ಪ್ರಧಾನಿ ಅಮಾಮ ಎಂಬಾಬಾಜಿ ಅವರೇ ಯೂಟ್ಯೂಬ್‌ಗೆ ಬಂದು, ಕೋನಿ ನಮ್ಮ ದೇಶದಲ್ಲಿಲ್ಲ, ನಾವು ಶಾಂತಿಯಿಂದ ಇದ್ದೇವೆ, ಬೇಕಾದರೆ ಬಂದು ನೋಡಿ ಎಂದು ಹೇಳಬೇಕಾಯಿತು. ಒಂದು ದೇಶದ ಪ್ರಧಾನಿ ಕಾಮೆಂಟ್ ಹಾಕುವ ಮಟ್ಟಕ್ಕೆ ಇಳಿಯಬೇಕಾದರೆ ವಿಡಿಯೋ ಎಷ್ಟು ಹಿಟ್ ಆಗಿರಬೇಕು, ಯೋಚಿಸಿ.

ಅದೇ ಹೊತ್ತಿಗೆ ಉತ್ತರ ಉಗಾಂಡದಲ್ಲಿ ಮಕ್ಕಳಿಗೆ ಬೇರೊಂದು ಕಷ್ಟ ಇತ್ತು. ತಲೆ ತೂಗುವ ಕಾಯಿಲೆ. ಊಟದ ತಟ್ಟೆ ಮುಂದೆ ಇಟ್ಟರೆ ಮಗುವಿನ ತಲೆ ತಾನಾಗಿ ಮುಂದಕ್ಕೆ ಬಾಗಿ ಬಾಗಿ ಬೀಳುತ್ತದೆ, ಫಿಟ್ಸ್ ಬರುತ್ತದೆ, ಬೆಳವಣಿಗೆ ನಿಂತುಹೋಗುತ್ತದೆ. ಸುಮಾರು 3,000 ಮಕ್ಕಳಿಗೆ ಬಂದಿತ್ತು. ಅಲ್ಲಿನ ಪತ್ರಕರ್ತರು ಇದನ್ನು ಗಂಟಲು ಹರಿಯುವಂತೆ ಹೇಳಿದರು. ಆದರೆ ಈ ಕಾಯಿಲೆಗೆ ವಿಲನ್ ಇರಲಿಲ್ಲ. ಮುಖ ಇಲ್ಲದ್ದನ್ನು ಟಿ-ಶರ್ಟಿನ ಮೇಲೆ ಅಚ್ಚು ಹಾಕುವುದು ಹೇಗೆ ಹೇಳಿ.

ನನ್ನ ಮಟ್ಟಿಗೆ ಈ ಇಡೀ ಪ್ರಕರಣದ ಸರಿಯಾದ ಆಡಿಟ್ ನಡೆದದ್ದು ಒಂದೇ ಕಡೆ. ಉತ್ತರ ಉಗಾಂಡದ ಲಿರಾ ಎಂಬ ಊರಿನಲ್ಲಿ. ಕೋನಿಯ ಪಡೆ ನಿಜವಾಗಿ ಕಾಡಿದ ಊರು ಅದು. 2012ರ ಮಾರ್ಚ್ 13ರಂದು ಆಫ್ರಿಕನ್ ಯೂತ್ ಇನಿಶಿಯೇಟಿವ್ ನೆಟ್‌ವರ್ಕ್ ಎಂಬ ಅಲ್ಲಿನದೇ ಸಂಸ್ಥೆ ಬಯಲಿನಲ್ಲಿ ಬಿಳಿ ಬಟ್ಟೆ ಕಟ್ಟಿ ವಿಡಿಯೋ ತೋರಿಸಿತು. ಜಗತ್ತೆಲ್ಲ ನಮ್ಮ ಬಗ್ಗೆ ನೋಡುತ್ತಿದೆಯಂತೆ, ನಾವೂ ನೋಡೋಣ ಎಂದು ಸಾವಿರಾರು ಜನ ನಡೆದುಕೊಂಡು, ಸೈಕಲ್ ಹೊಡೆದುಕೊಂಡು ಬಂದರು. ತಮ್ಮ ಕಥೆ ಬರುತ್ತದೆ ಎಂದು ಕಾದರು. ಬಂದದ್ದು ನಿರ್ದೇಶಕರ ಪುಟ್ಟ ಮಗ. ಕ್ಯಾಲಿಫೋರ್ನಿಯಾದ ಮನೆಯಲ್ಲಿ ಕೂತ ಆ ಮಗುವಿಗೆ ಅಪ್ಪ ಒಂದು ಫೋಟೋ ತೋರಿಸಿ, ನೋಡು ಇವನು ಕೆಟ್ಟವನು ಎಂದು ಹೇಳಿಕೊಡುವ ದೃಶ್ಯ. ಜನ ಗೊಂದಲಕ್ಕೆ ಬಿದ್ದರು. ಇದು ಯಾರ ಕಥೆ? ಆಮೇಲೆ ಕೋನಿಯ ಮುಖದ ಪೋಸ್ಟರು, ಟಿ-ಶರ್ಟು ಬಂತು. ತಮ್ಮ ಮಕ್ಕಳನ್ನು ಎತ್ತಿಕೊಂಡು ಹೋದವನ ಹೆಸರನ್ನು ಎದೆಯ ಮೇಲೆ ಹಾಕಿಕೊಂಡು ಕುಣಿಯುವ ಹುಡುಗರನ್ನು ಕಂಡು ಸಿಟ್ಟು ನೆತ್ತಿಗೇರಿತು. ಕೂಗಾಟ ಆಯಿತು, ಕಲ್ಲು ಬಿದ್ದವು. ಬೇರೆ ಊರುಗಳಲ್ಲಿ ತೋರಿಸಬೇಕೆಂದಿದ್ದನ್ನು ಕೈಬಿಡಬೇಕಾಯಿತು. ಶೇಕಡಾ ಎಷ್ಟು ಎಂದು ಅವರಲ್ಲಿ ಯಾರೂ ಕೇಳಲಿಲ್ಲ. ನಮ್ಮನ್ನು ಕೇಳಿ ಮಾಡಿದಿರಾ ಎಂಬುದೇ ಅವರ ತಕರಾರು.

ಇನ್ನೂ ಒಂದು ತಮಾಷೆ ಇದೆ. ಇದೇ ಸಂಸ್ಥೆ ಕಾಂಗೋ ಮತ್ತು ಮಧ್ಯ ಆಫ್ರಿಕಾದ ಹಳ್ಳಿಗಳಲ್ಲಿ ರೇಡಿಯೋ ಸೆಟ್‌ಗಳನ್ನು ಇಡಿಸುತ್ತಿತ್ತು. ಒಂದು ಹಳ್ಳಿಯ ಹತ್ತಿರ ಕೋನಿಯ ಜನ ಕಂಡರೆ ಪಕ್ಕದ ಹಳ್ಳಿಗಳಿಗೆ ತಕ್ಷಣ ಸುದ್ದಿ ಹೋಗುತ್ತಿತ್ತು, ಜನ ಓಡಿ ಜೀವ ಉಳಿಸಿಕೊಳ್ಳಬಹುದಿತ್ತು. ಬಂದೂಕು ಕೆಳಗಿಟ್ಟು ಮನೆಗೆ ಬನ್ನಿ ಎಂದು ಕಾಡಿನೊಳಗಿನವರಿಗೆ ಎಫ್‌ಎಂನಲ್ಲಿ, ಚೀಟಿಗಳಲ್ಲಿ ಕರೆ ಕೊಡುವ ಕೆಲಸವೂ ಇತ್ತು. ಒಳ್ಳೆಯ ಕೆಲಸ. ಬೋರ್ ಹೊಡೆಸುವ ಕೆಲಸ. ಇದನ್ನು ಯಾರೂ ಶೇರ್ ಮಾಡಲಿಲ್ಲ. ಅದರ ಬದಲು ಸಂಸ್ಥಾಪಕರು 2008ರಲ್ಲಿ ಸುಡಾನ್ ಕಡೆಯ ಸೈನಿಕರ ಜೊತೆ ಬಂದೂಕು ಹಿಡಿದು ಪೋಸ್ ಕೊಟ್ಟ ಫೋಟೋ ಸಿಕ್ಕಿತು, ಅದನ್ನು ಶೇರ್ ಮಾಡಿದರು.

ಏಪ್ರಿಲ್ 20 ಬಂತು. ವ್ಯಾಂಕೂವರ್‌ನಲ್ಲಿ ಪೋಸ್ಟರ್ ಅಂಟಿಸಲು ಫೇಸ್‌ಬುಕ್‌ನಲ್ಲಿ ಹೆಸರು ಕೊಟ್ಟವರು 21,000ಕ್ಕೂ ಜಾಸ್ತಿ. ಬಂದವರು 17. ಆ ಹದಿನೇಳು ಜನರಿಗೆ ಗೋಂದು ಸಾಕಾಗಿರಬೇಕು.

ಆ ಹಣಕಾಸು ವರ್ಷದಲ್ಲಿ ಸಂಸ್ಥೆಗೆ ಬಂದದ್ದು 2.6 ಕೋಟಿ ಡಾಲರ್‌ಗೂ ಮೇಲೆ. ಮರುವರ್ಷ 50 ಲಕ್ಷವೂ ಮುಟ್ಟಲಿಲ್ಲ. 2014ರ ಕೊನೆಗೆ ಅಮೆರಿಕದ ಕೆಲಸಗಳಿಗೆ ಹೆಚ್ಚುಕಡಿಮೆ ಬೀಗ ಹಾಕುವ ಮಾತು ಬಂತು. 2017ರಲ್ಲಿ ಅಮೆರಿಕದ ಸೇನೆಯೂ ಉಗಾಂಡದ ಸೇನೆಯೂ ಬೇಟೆ ನಿಲ್ಲಿಸಿದವು. ಕೋನಿ ಸಿಗಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಹೇಗ್‌ನ ಅದೇ ಅಂತರರಾಷ್ಟ್ರೀಯ ನ್ಯಾಯಾಲಯ ಅವನಿಲ್ಲದೆಯೇ ಅವನ ಮೇಲಿನ ಆರೋಪಗಳನ್ನು ಖಚಿತಪಡಿಸುವ ವಿಚಾರಣೆ ನಡೆಸಿತು. ಅದಕ್ಕೆ ಕಿಟ್ ಇರಲಿಲ್ಲ.

ಇಷ್ಟಾದ ಮೇಲೆ ಜಗತ್ತು ಪಾಠ ಕಲಿಯಿತೇ? ಕಲಿಯಿತು, ಕಲಿಯದೇ ಏನು. 2014ರಲ್ಲಿ ತಲೆಯ ಮೇಲೆ ಐಸ್ ನೀರು ಸುರಿದುಕೊಳ್ಳುವ ಚಾಲೆಂಜ್ ಬಂದಾಗ ಆಡಿಟರ್‌ಗಳು ಮೊದಲೇ ಸಜ್ಜಾಗಿದ್ದರು. ಎಎಲ್ಎಸ್ ಎಂಬ ನರಗಳ ಕಾಯಿಲೆಗಾಗಿ ಆ ನೀರು. ಬಕೆಟ್ ಒಣಗುವ ಮುಂಚೆಯೇ ಸುದ್ದಿ ಹರಡಿತು: ಶೇಕಡಾ 73 ಹಣ ಸಂಶೋಧನೆಗೆ ಹೋಗುವುದೇ ಇಲ್ಲ, ಮೋಸ! ಆ 73ರಲ್ಲಿ ಏನಿತ್ತು ಎಂದರೆ, ಮಾತು ನಿಂತವರಿಗೆ, ಕೈಕಾಲು ಆಡದವರಿಗೆ ಮಾಡುವ ಸಹಾಯದ ಖರ್ಚೂ ಇತ್ತು. ರೋಗಿಯ ವೀಲ್‌ಚೇರ್‌ಗೆ ಕೊಟ್ಟರೆ ಅದು ಸಂಶೋಧನೆ ಅಲ್ಲವಲ್ಲ, ಆದ್ದರಿಂದ ಮೋಸ.

ನೋಡುವುದಕ್ಕೆ ಕೋನಿಯ ವಿಡಿಯೋ ಎಷ್ಟು ಗಂಭೀರವೋ ಬಕೆಟ್ ಆಟ ಅಷ್ಟೇ ಪೆದ್ದು. ಆದರೆ ದುಡ್ಡಿನ ದಾರಿ ಉಲ್ಟಾ ಹೋಯಿತು. ಎಎಲ್ಎಸ್ ಅಸೋಸಿಯೇಷನ್‌ಗೆ ಬಂದ 11.5 ಕೋಟಿ ಡಾಲರ್‌ನಲ್ಲಿ ಸುಮಾರು 7.7 ಕೋಟಿಯನ್ನು ಸಂಶೋಧನೆಗೇ ಇಟ್ಟರು. ಆ ಹಣದ ನೆರವಿದ್ದ ಒಂದು ಯೋಜನೆಯಿಂದ 2016ರಲ್ಲಿ ಈ ಕಾಯಿಲೆಗೆ ಸಂಬಂಧಪಟ್ಟ ಎನ್‌ಇಕೆ1 ಎಂಬ ವಂಶವಾಹಿ ಪತ್ತೆಯಾಯಿತು. ಒಂದು ಔಷಧದ ಪರೀಕ್ಷೆಗೂ ಬಕೆಟ್ ದುಡ್ಡು ಹೋಯಿತು. 2022ರಲ್ಲಿ ಅದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆಮೇಲೆ ಇನ್ನೂ ದೊಡ್ಡ ಪರೀಕ್ಷೆ ಮಾಡಿದಾಗ ಕೆಲಸ ಮಾಡುವುದಿಲ್ಲ ಎಂದು ಗೊತ್ತಾಗಿ, 2024ರಲ್ಲಿ ಕಂಪನಿಯೇ ವಾಪಸ್ ತೆಗೆದುಕೊಂಡಿತು.

ಈಗ ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು? ಹಣ ಸಂಶೋಧನೆಗೇ ಹೋಗಿದೆ, ಆದ್ದರಿಂದ ಪೂರ್ತಿ ಮಾರ್ಕ್ಸ್. ಔಷಧ ಸೋತಿದೆ, ಆದ್ದರಿಂದ ಸೊನ್ನೆ. ಇದು ಕೆಲಸ ಮಾಡುವುದಿಲ್ಲ ಎಂದು ಈಗ ಖಚಿತವಾಗಿದೆ, ಅದಕ್ಕೂ ಒಂದು ಬೆಲೆ ಇರಬೇಕಲ್ವಾ? ಆಡಿಟರ್ ಸಾಹೇಬರನ್ನೇ ಕೇಳಿಬಿಡೋಣ ಎಂದರೆ ಒಬ್ಬರೂ ಕೈಗೆ ಸಿಗುತ್ತಿಲ್ಲ. ಎಲ್ಲರೂ ಹೊಸ ವಿಡಿಯೋ ಒಂದರ ಶೇಕಡಾವಾರು ಹುಡುಕುವುದರಲ್ಲಿ ಬಿಜಿಯಂತೆ.