ಎರಡೂಕಾಲು ಲೀಟರ್ ವಿಷ

ದುಡ್ಡು ಕೊಟ್ಟು ತಂದ ಕೋಲಾವನ್ನು ಸಿಂಕಿಗೆ ಸುರಿಯುವಾಗ ಅದು ಮಾಡುವ ಗುಳುಗುಳು ಸದ್ದಿದೆಯಲ್ಲ, ಅದು ಶತ್ರುವಿಗೂ ಕೇಳಿಸಬಾರದು. ಎರಡೂಕಾಲು ಲೀಟರ್. ಭಾನುವಾರ ಊಟಕ್ಕೆ ಬರುತ್ತೇವೆಂದಿದ್ದ ಭಾಮೈದನ ಸಂಸಾರಕ್ಕೆಂದು ತಂದಿಟ್ಟದ್ದು. ಅವನು ಮುಂದಿನ ವಾರ ಬರ್ತೀನಿ ಅಂದ. ಬಾಟ್ಲಿ ಫ್ರಿಜ್ಜಿನ ಬಾಗಿಲಲ್ಲೇ ಉಳಿಯಿತು. ಅಷ್ಟರಲ್ಲಿ ವಿಷಯ ಟೀವಿಯವರಿಗೆ ಗೊತ್ತಾಗಿಬಿಟ್ಟಿತು.

"ನಿಮ್ಮ ಫ್ರಿಜ್ಜಲ್ಲೇ ಕೂತಿದ್ದಾನೆ ಯಮ!" ಕೆಂಪು ಅಕ್ಷರ, ಹಿಂದೆ ಆಂಬುಲೆನ್ಸಿನ ಸದ್ದು. ನಿರೂಪಕ ಕೂತು ಮಾತಾಡುವ ಜಾತಿಯವನಲ್ಲ. ಸ್ಟುಡಿಯೋದ ಈ ಗೋಡೆಯಿಂದ ಆ ಗೋಡೆಗೆ, ಹೆರಿಗೆ ವಾರ್ಡಿನ ಹೊರಗಿನ ಗಂಡನ ಹಾಗೆ, ಅಡ್ಡಾಡುತ್ತಿದ್ದ. ಅಡ್ಡಾಡುತ್ತ ಹನ್ನೆರಡು ನಿಮಿಷ ಹೆದರಿಸಿದ. ಯಾವ ವಿಷ, ಎಷ್ಟು ವಿಷ, ಯಾವ ಬಾಟ್ಲಿಯಲ್ಲಿ? "ಎಲ್ಲಾ ಹೇಳ್ತೀವಿ, ಒಂದು ಚಿಕ್ಕ ಬ್ರೇಕ್ ಆದ್ಮೇಲೆ" ಅಂದ. ಬ್ರೇಕಿನಲ್ಲಿ ಬಂದ ಮೊದಲ ಜಾಹೀರಾತು ಯಾವುದೆಂದು ಹೇಳಿದರೆ ನೀವು ನಂಬುವುದಿಲ್ಲ, ಅಥವಾ ತಕ್ಷಣ ನಂಬುತ್ತೀರಿ. ಒಬ್ಬ ಹೀರೋ ಕಟ್ಟಡದಿಂದ ಕಟ್ಟಡಕ್ಕೆ ಹಾರಿ, ಕೊನೆಗೆ ತಣ್ಣನೆಯ ಬಾಟ್ಲಿಯನ್ನು ಗಟಗಟ ಎತ್ತಿದ.

"ರೀ, ಮೊದ್ಲು ಎದ್ದು ಅದನ್ನ ಚೆಲ್ಲಿ. ಮಗು ಬಂದು ಕುಡಿದ್ರೆ ಏನ್ಗತಿ?" ಅಂದಳು ಹೆಂಡತಿ. ಮಗು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದೆ, ಗಡ್ಡ ಬಿಟ್ಟಿದೆ.

"ಏನು ವಿಷ ಅಂತ ಅವನು ಹೇಳ್ಲಿ, ತಾಳು."

"ವಿಷಕ್ಕೆ ಹೆಸರು ಬೇರೆ ಬೇಕಾ ನಿಮಗೆ?"

ಸುರಿದೆ. ಸುರಿದಾದ ಮೇಲೆ ಇನ್ನೊಂದು ಅನಾಹುತ. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ, ಎರಡು ತಿಂಗಳಿಂದ ಯಾವ ಪೌಡರಿಗೂ ಬಗ್ಗದೆ ಕೂತಿದ್ದ ಕಲೆ, ಸಿಂಕಿನ ತೂತಿನ ಸುತ್ತ ಅರ್ಧ ಮಾಯವಾಗಿತ್ತು. ಅವಳು ಸೆರಗು ಬಾಯಿಗಿಟ್ಟುಕೊಂಡಳು. "ಸ್ಟೀಲನ್ನೇ ಹಿಂಗೆ ಮಾಡಿದ್ದು, ಕರುಳನ್ನ ಬಿಡ್ತದಾ?"

ಸುಮ್ಮನಿರಬೇಕಿತ್ತು. "ಶುಕ್ರವಾರ ದೇವರ ದೀಪಗಳನ್ನ ಏನ್ ಹಾಕಿ ಉಜ್ಜುತೀಯ?" ಅಂದೆ.

"ಹುಣಸೇಹಣ್ಣು."

"ಮಧ್ಯಾಹ್ನ ಸಾರಿಗೆ ಏನ್ ಹಾಕಿದ್ದೆ?"

ಆಮೇಲೆ ಅರ್ಧ ಗಂಟೆ ಮನೆಯಲ್ಲಿ ಮಿಕ್ಸಿ ಮಾತ್ರ ಮಾತಾಡಿತು. ತುಮಕೂರಿನಲ್ಲಿ ಕೂತು ಹುಣಸೆಹಣ್ಣಿನ ಬಗ್ಗೆ ಹಗುರವಾಗಿ ಮಾತಾಡಬಾರದು ನಿಜ. ಸುಗ್ಗಿಯಲ್ಲಿ ಎಪಿಎಂಸಿ ಯಾರ್ಡ್ ಕಡೆ ಸುಮ್ಮನೆ ಹಾದುಹೋದರೆ ಸಾಕು, ಗಾಳಿಗೇ ಬಾಯಲ್ಲಿ ನೀರೂರುತ್ತದೆ. ಊರಿನ ಎಷ್ಟೋ ಮನೆಗಳ ಅನ್ನ ಅದು. ಆದರೆ ಹಿತ್ತಾಳೆಯ ಕಿಲುಬು ತೆಗೆಯುವ ಹುಳಿಯೇ ಸಾರಿನಲ್ಲೂ ಇರುವುದು. ನಿಂಬೆರಸದ ಹುಳಿ ಕೋಲಾದ ಹುಳಿಗೆ ಏನೂ ಕಮ್ಮಿಯಿಲ್ಲ. ಕಲೆ ಹೋಯಿತು ಅನ್ನುವುದು ಹುಳಿ ಇದೆ ಅನ್ನುವುದಕ್ಕೆ ಸಾಕ್ಷಿಯೇ ಹೊರತು ವಿಷವಿದೆ ಅನ್ನುವುದಕ್ಕಲ್ಲ. ಇದನ್ನು ಮಿಕ್ಸಿ ನಿಂತ ಮೇಲೆ ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಇಪ್ಪತ್ತಾರು ವರ್ಷದ ಸಂಸಾರ.

ಅದರ ಬದಲು ಬಾಟ್ಲಿಯ ಲೇಬಲ್ ಕಿತ್ತು ಜೇಬಿಗಿಟ್ಟುಕೊಂಡು ಮಂಡಿಪೇಟೆ ಕಡೆ ಹೊರಟೆ. ಯಾಕೆಂದರೆ ಅದರ ಮೇಲೆ ಬರೆದದ್ದನ್ನು ಓದಲು ನನ್ನ ಕನ್ನಡಕಕ್ಕೆ ಆಗಲಿಲ್ಲ. ಹೆಸರು ಮಾತ್ರ ಅಂಗೈಯಗಲ. ಒಳಗೆ ಏನಿದೆ ಅನ್ನುವುದು ಇರುವೆ ಸಾಲು. ಅದೂ ಇಂಗ್ಲಿಷಿನಲ್ಲಿ. ಇಂಗ್ಲಿಷಿನಲ್ಲೋ ದೇವನಾಗರಿ ಹಿಂದಿಯಲ್ಲೋ ಇದ್ದರೆ ಕಾನೂನಿಗೆ ಸಾಕಂತೆ, ಕನ್ನಡ ಬೇಕಿದ್ದರೆ ಹಾಕಬಹುದು, ಹಾಕದಿದ್ದರೂ ನಡೆಯುತ್ತದೆ. ಹೀಗಾಗಿ ನಮಗೆ ಗಾಬರಿ ಮಾತ್ರ ಅಚ್ಚಗನ್ನಡದಲ್ಲಿ ಸಿಗುತ್ತದೆ. ವಿವರ ಬೇಕಾದವನು ಇಂಗ್ಲಿಷ್ ಕಲಿತು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಬರಬೇಕು.

ಮಂಡಿಪೇಟೆಯಲ್ಲಿ ನನಗೆ ಗೊತ್ತಿರುವ ವಾಚ್ ರಿಪೇರಿಯವರೊಬ್ಬರಿದ್ದಾರೆ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕರಿ ಡಬ್ಬಿಯಂಥ ಭೂತಗನ್ನಡಿ ಇದೆಯಲ್ಲ, ಅದನ್ನು ಕೇಳಿದೆ. ಕೊಡಲಿಲ್ಲ, ತಾವೇ ಓದಿದರು. "ಕಾರ್ಬೊನೇಟೆಡ್ ವಾಟರ್. ಅಂದ್ರೆ ಸೋಡಾ. ಆಮೇಲೆ ಶುಗರ್." ಕಣ್ಣಿನ ಡಬ್ಬಿ ತೆಗೆದು ನನ್ನನ್ನು ನೋಡಿದರು. "ಇದಕ್ಕೂ ಇದೆಯಾ ಸಾರ್? ನನಗೂ ಎಂಟು ವರ್ಷದಿಂದ ಇದೆ."

ಯಾವುದು ಹೆಚ್ಚು ತೂಕವೋ ಅದನ್ನೇ ಮೊದಲು ಬರೆಯಬೇಕೆಂಬುದು ಈ ಪಟ್ಟಿಯ ನಿಯಮ. ನೀರು ಬಿಟ್ಟರೆ ಸಕ್ಕರೆಯೇ ಯಜಮಾನ. 100 ಮಿಲಿಗೆ 10.6 ಗ್ರಾಂ ಅಂತ ಪಕ್ಕದ ಚೌಕದಲ್ಲಿತ್ತು. ಅಂಗಡಿಯ ಕ್ಯಾಲ್ಕ್ಯುಲೇಟರಿನಲ್ಲಿ ಗುಣಿಸಿದೆವು: ಇಡೀ ಬಾಟ್ಲಿಗೆ ಸುಮಾರು 238 ಗ್ರಾಂ. ಕಾಲು ಕೆಜಿಗೆ ಒಂದು ದೊಡ್ಡ ಚಮಚ ಕಮ್ಮಿ. ಆಮೇಲೆ 338, 150ಡಿ, ಕೆಫೀನ್. ಮುಗಿಯಿತು.

ಈ ನಂಬರುಗಳೇ ಜನರನ್ನು ಹೆದರಿಸುವುದು. ಕೈದಿಗೆ ನಂಬರಿರುತ್ತದೆ, ಹಾಗಾಗಿ ನಂಬರಿದ್ದವನೆಲ್ಲ ಕೈದಿ. ನಿಜಕ್ಕೆ ಅವು ಆಹಾರಕ್ಕೆ ಸೇರಿಸುವ ಪದಾರ್ಥಗಳ ಗುರುತು, ಒಂದೇ ಬೀದಿಯ ಮನೆ ನಂಬರುಗಳಿದ್ದ ಹಾಗೆ. 330 ನಿಂಬೆಹುಳಿ ಅಂದರೆ ಸಿಟ್ರಿಕ್ ಆಮ್ಲ, 334 ಹುಣಸೆಹುಳಿ, ಅದರಾಚೆ 338 ಈ ಕೋಲಾದ ಫಾಸ್ಫಾರಿಕ್ ಆಮ್ಲ. 150ಡಿ ಅದರ ಕಂದು ಬಣ್ಣ. 300 ವಿಟಮಿನ್ ಸಿ. ಬಜ್ಜಿಯ ಅಡುಗೆ ಸೋಡಾ 500ರಲ್ಲಿ ವಾಸ. 1976ರ ಹೊತ್ತಿಗೆ ಫ್ರಾನ್ಸಿನಲ್ಲಿ ಒಂದು ಕರಪತ್ರ ಹರಿದಾಡಿತು. ಪಾಪದ 330 ಎಲ್ಲಕ್ಕಿಂತ ಅಪಾಯಕಾರಿ, ಕ್ಯಾನ್ಸರ್ ತರುತ್ತದೆ ಅಂತ. ಹೆಸರು ಹೇಳಿಕೊಂಡಿದ್ದು ವಿಲ್‌ಜ್ವಿಫ್ ಊರಿನ ಆಸ್ಪತ್ರೆಯದ್ದು. ಆಸ್ಪತ್ರೆಯವರು ನಮ್ಮದಲ್ಲ, ನಮ್ಮದಲ್ಲ ಅಂತ ಬಾಯಿ ಬಡಿದುಕೊಂಡರೂ ಜನ ಜೆರಾಕ್ಸ್ ಮಾಡಿ ಹಂಚಿದರು. ಎಡವಟ್ಟಿನ ಮೂಲ ಬಲ್ಲವರು ಊಹಿಸುವುದು ಹೀಗೆ: ಸಿಟ್ರಿಕ್ ಆಮ್ಲ ನಮ್ಮ ಜೀವಕೋಶದೊಳಗೆ ಸುತ್ತುವ ಚಕ್ರಕ್ಕೆ, ಅದನ್ನು ಕಂಡುಹಿಡಿದು 1953ರಲ್ಲಿ ನೊಬೆಲ್ ಪಡೆದ ಹಾನ್ಸ್ ಕ್ರೆಬ್ಸ್ ಹೆಸರಿದೆ. ಜರ್ಮನ್ ಭಾಷೆಯಲ್ಲಿ ಕ್ರೆಬ್ಸ್ ಅಂದರೆ ಏಡಿ, ಕ್ಯಾನ್ಸರಿಗೂ ಅದೇ ಪದ. ಹೆಸರಿನ ದೆಸೆಯಿಂದ ನಿಂಬೆಹಣ್ಣು ಆರೋಪಿಯಾಯಿತು.

ಅಂದಹಾಗೆ ಬ್ರೇಕ್ ಆದ ಮೇಲೆ ಟೀವಿಯವನು ಹೇಳಿದ ವಿಷ ಆಸ್ಪರ್ಟೇಮ್. ಸಕ್ಕರೆ ಇಲ್ಲದ ಕೋಲಾಗಳಿಗೆ ಸಿಹಿಗೆಂದು ಹಾಕುವುದು. ನಾನು ಚೆಲ್ಲಿದ ಬಾಟ್ಲಿಯಲ್ಲಿ ಅದು ಇರಲೇ ಇಲ್ಲ. ಸುದ್ದಿಯೂ ತಂಗಳು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು "ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು" ಎಂಬ 2ಬಿ ಗುಂಪಿಗೆ ಸೇರಿಸಿದ್ದು 2023ರ ಜುಲೈನಲ್ಲಿ. ಇಡೀ ಎಲೆಯ ಲೋಳೆಸರದ ಸಾರವೂ ಅದೇ ಗುಂಪಿನಲ್ಲಿದೆ. ಎಷ್ಟು ತಿಂದರೆ ಏನು ಅಂತ ನೋಡುವುದು ಇನ್ನೊಂದು ಸಮಿತಿಯ ಕೆಲಸ. ಅವರು ಅದೇ ದಿನ, ದೇಹದ ತೂಕದ ಕೆಜಿಗೆ ದಿನಕ್ಕೆ 40 ಮಿಲಿಗ್ರಾಂವರೆಗಿನ ಹಳೆಯ ಮಿತಿಯೇ ಇರಲಿ ಅಂದರು. 70 ಕೆಜಿ ಮನುಷ್ಯ ಅದನ್ನು ದಾಟಬೇಕಾದರೆ ದಿನಕ್ಕೆ ಒಂಬತ್ತರಿಂದ ಹದಿನಾಲ್ಕು ಕ್ಯಾನಿಗಿಂತ ಹೆಚ್ಚು ಕುಡಿಯಬೇಕು. ಮೊದಲ ಅರ್ಧಕ್ಕೆ ಆಂಬುಲೆನ್ಸ್ ಸದ್ದು ಹಾಕಬಹುದು. ಎರಡನೆಯ ಅರ್ಧಕ್ಕೆ ಯಾವ ಸದ್ದು ಹಾಕ್ತೀರಿ?

ಇಷ್ಟೆಲ್ಲ ಬೈಯುವ ಯೋಗ್ಯತೆ ನನಗೆ ಇದೆಯೇ ಅಂದರೆ, ಇಲ್ಲ. ನಾನು ಐದನೇ ಕ್ಲಾಸಿನಲ್ಲಿದ್ದಾಗಲೇ ಇಂಥದ್ದೊಂದು ಬ್ರೇಕಿಂಗ್ ನ್ಯೂಸ್ ಕೊಟ್ಟವನು.

ನಮ್ಮ ವಿಜ್ಞಾನದ ಮೇಷ್ಟ್ರು ಒಂದು ದಿನ, ಕೋಲಾದಲ್ಲಿ ಹಲ್ಲು ಹಾಕಿಟ್ಟರೆ ಬೆಳಗಾಗುವುದರಲ್ಲಿ ಮಾಯ ಅಂದರು. ನನ್ನ ಕೆಳಗಿನ ಹಲ್ಲೊಂದು ಆಗಲೇ ಅಲ್ಲಾಡುತ್ತಿತ್ತು. ದೇಶಕ್ಕೆ ಅದನ್ನು ಅರ್ಪಿಸಲು ತೀರ್ಮಾನವಾಯಿತು. ನಾಲ್ಕು ಜನ ಚಿಲ್ಲರೆ ಹಾಕಿ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋದೆವು. ಆಗೆಲ್ಲ ಗಾಜಿನ ಬಾಟ್ಲಿ. "ಇಲ್ಲೇ ಕುಡಿದು ಇಲ್ಲೇ ಇಟ್ಟು ಹೋಗ್ಬೇಕು. ತಗೊಂಡೋಗಾಕೆ ಡಿಪಾಜಿಟ್ ಐತೇನ್ರಲಾ?" ಅಂದ ಅಂಗಡಿಯವನು. ಇರಲಿಲ್ಲ. ಊಟದ ಡಬ್ಬಿಗೆ ಬಗ್ಗಿಸಿಕೊಂಡೆವು. ಚಿತ್ರಾನ್ನದ ಎಣ್ಣೆ ಮೇಲೆ ತೇಲಿತು. ಮನೆಯವರೆಗೆ ನಡೆಯುತ್ತ, ಕೆಟ್ಟಿಲ್ಲ ತಾನೇ ಅಂತ ಒಬ್ಬೊಬ್ಬರೂ ಒಂದೊಂದು ಗುಟುಕು ಪರೀಕ್ಷಿಸಿದೆವು. ಮನೆ ತಲುಪಿದಾಗ ಉಳಿದದ್ದು ಎರಡು ಬೆರಳಷ್ಟು. ಹಲ್ಲಿಗೆ ದಾರ ಕಟ್ಟಿ ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಬಾಗಿಲು ದೂಡಿದವನು ಯಾರೆಂದು ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ. ತೊಳೆದ ಇಂಕ್ ಬಾಟ್ಲಿಗೆ ಕೋಲಾ ಬಗ್ಗಿಸಿ, ಹಲ್ಲು ಹಾಕಿ, ಬಚ್ಚಲಮನೆಯ ಹಂಡೆಯ ಹಿಂದೆ ಇಟ್ಟೆ.

ಬೆಳಿಗ್ಗೆ ನೋಡಿದರೆ ಹಲ್ಲಿಲ್ಲ. ಅಲ್ಲಾಡಿಸಿದೆ. ಬೆಳಕಿಗೆ ಹಿಡಿದೆ. ಬಟ್ಟಲಿಗೆ ಸುರಿದು ಬೆರಳಾಡಿಸಿದೆ. ಇಲ್ಲ!

ಪ್ರಾರ್ಥನೆ ಹೊತ್ತಿಗೆ ಸುದ್ದಿ "ಹಲ್ಲು ಕರಗಿತು" ಅಂತಿತ್ತು. ಇಂಟರ್‌ವಲ್ಲಿಗೆ "ಬುಸ್ಸಂತ ಹೊಗೆ ಬಂತು". ಸಾಯಂಕಾಲ ಗಂಟೆ ಹೊಡೆಯುವಾಗ ಇಂಕ್ ಬಾಟ್ಲಿಗೂ ತೂತು ಬಿದ್ದಿತ್ತು. ಮರುದಿನ ಹೆಡ್‌ಮಾಸ್ಟರು ನನ್ನನ್ನು ಇಡೀ ಶಾಲೆಯ ಮುಂದೆ ನಿಲ್ಲಿಸಿ ಹೇಳಿಸಿದರು. ಹಲ್ಲಿನ ಕಥೆಯಷ್ಟೇ ಹೇಳಬೇಕೆಂದು ಹೊರಟವನು, ಹುಡುಗಿಯರ ಸಾಲು ನೋಡಿ, ಹೊಗೆಯನ್ನೂ ಸೇರಿಸಿದೆ. ಆ ವಾರ ಬಸ್‌ಸ್ಟ್ಯಾಂಡ್ ಅಂಗಡಿಯವನಿಗೆ ಒಳ್ಳೆ ವ್ಯಾಪಾರ. ಧೈರ್ಯವಂತರೆಲ್ಲ ಹೋಗಿ ಕುಡಿದು, ಕನ್ನಡಿಯಲ್ಲಿ ಹಲ್ಲು ನೋಡಿಕೊಂಡು ಬಂದರು.

ಶನಿವಾರ ಅಜ್ಜಿ ತಲೆಗೆ ಹರಳೆಣ್ಣೆ ತಟ್ಟುತ್ತ ಅಂದಳು: "ಹಲ್ಲು ಬಿದ್ರೆ ಹೇಳ್ಬಾರ್ದೇನೋ ಮುಂಡೇದೇ? ಯಾವ್ದೋ ಕಷಾಯದಾಗೆ ನೆನೆ ಹಾಕಿದ್ಯಲ್ಲ. ನಾನೇ ತೆಗ್ದು ಸಗಣಿ ಉಂಡೇಲಿಟ್ಟು ಹೆಂಚಿನ ಮ್ಯಾಲೆ ಎಸ್ದೆ. ಇಲ್ದಿದ್ರೆ ಹೊಸಾದು ಸೊಟ್ಟ ಬತ್ತದೆ."

ಹೊಸದು ಸೊಟ್ಟವೇ ಬಂತು, ಆ ಮಾತು ಬೇರೆ. ತಿದ್ದುಪಡಿ ಕೊಡಲು ಮತ್ತೆ ಪ್ರಾರ್ಥನೆಯ ಮುಂದೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಹೋದ ವರ್ಷ ಒಂದು ಮದುವೆಮನೆಯಲ್ಲಿ ಆ ನಾಲ್ವರಲ್ಲಿ ಒಬ್ಬ ಸಿಕ್ಕಿದ. ಮೊಮ್ಮಗನ ಕೈಯಿಂದ ಬಾಟ್ಲಿ ಕಿತ್ತುಕೊಳ್ಳುತ್ತ "ಕೇಳು ಇವನ್ನ, ಕಣ್ಣಾರೆ ಕಂಡವನು" ಅಂದ. ಆಗಲೂ ಪಾಯಸದ ಕಡೆ ನೋಡಿದೆ.

ಮೇಷ್ಟ್ರ ಮಾತಿಗೂ ಮೂಲವೊಂದಿದೆ ಅಂತ ಆಮೇಲೆ ತಿಳಿಯಿತು. 1950ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕ್‌ಕೇ, ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ, ಕೋಲಾದಲ್ಲಿಟ್ಟ ಹಲ್ಲು ಎರಡು ದಿನಗಳಲ್ಲಿ ಮೆತ್ತಗಾಗಿ ಕರಗತೊಡಗುತ್ತದೆ ಅಂದಿದ್ದರು. ತುಮಕೂರು ತಲುಪುವಷ್ಟರಲ್ಲಿ ಎರಡು ದಿನ ಒಂದು ರಾತ್ರಿಯಾಗಿತ್ತು, ಮೆತ್ತಗಾಗುವುದು ಮಾಯವಾಗುವುದಾಗಿತ್ತು. ಹೊಗೆಯೊಂದಕ್ಕೆ ಮಾತ್ರ ನಾನು ಹೊಣೆ. ಆದರೆ ನನಗೆ ಹತ್ತು ವರ್ಷ, ನಡುವೆ ಜಾಹೀರಾತೂ ಇರಲಿಲ್ಲ.

ಅದೇ ಕ್ಲಾಸಿನಲ್ಲಿ ಪಾವಗಡ ಕಡೆಯ ಹುಡುಗನೊಬ್ಬ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದ. ಮುಂದಿನ ಹಲ್ಲುಗಳಿಗೆ ಅಡ್ಡಡ್ಡ ಕಂದು ಗೆರೆ. ನನ್ನ ಸುದ್ದಿ ಹಬ್ಬಿದ ಮೇಲೆ ಎಲ್ಲರೂ ಅವನನ್ನು "ಕಲರ್ ಕುಡುಕ" ಅಂತ ಕರೆದರು. ಅವನ ಊರಲ್ಲಿ ಕೋಲಾ ಮಾರುವ ಅಂಗಡಿಯೇ ಇರಲಿಲ್ಲ. ಇದ್ದದ್ದು ಬೋರ್‌ವೆಲ್, ಅದರಲ್ಲಿ ಫ್ಲೋರೈಡ್. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಬಾರದು. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಹಳ್ಳಿಗಳಲ್ಲಿ ಅದನ್ನು ದಾಟಿದ್ದನ್ನೇ ಜನ ಕುಡಿದರು, ಹಲ್ಲಷ್ಟೇ ಅಲ್ಲ, ಮೂಳೆಯನ್ನೂ ಕಳೆದುಕೊಂಡರು. ಈಗ ಕಾಯಿನ್ ಹಾಕುವ ಶುದ್ಧ ನೀರಿನ ಘಟಕಗಳಿವೆ, ಕೆಟ್ಟು ನಿಂತವೂ ಇವೆ. ಆ ನೀರಿಗೆ ಬಣ್ಣವಿಲ್ಲ, ಕಂಪನಿಯಿಲ್ಲ, ಹಾರುವ ಹೀರೋ ಇಲ್ಲ. ಆಂಬುಲೆನ್ಸ್ ಸದ್ದು ಹಾಕಿ ಹೆದರಿಸಲು ಏನಿದೆ ಅದರಲ್ಲಿ?

ಹಾಗಂತ ಎಲ್ಲ ಗಾಬರಿಯೂ ಹೊಗೆಯಲ್ಲ. 2003ರ ಆಗಸ್ಟಿನಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್, ಪೇಟೆಯ ತಂಪು ಪಾನೀಯಗಳಲ್ಲಿ ಕೀಟನಾಶಕದ ಉಳಿಕೆ ಇದೆ ಅಂದಾಗ ಕಂಪನಿಗಳು ರೇಗಿದವು. ಶರದ್ ಪವಾರ್ ಅಧ್ಯಕ್ಷತೆಯಲ್ಲಿ ಜಂಟಿ ಸಂಸದೀಯ ಸಮಿತಿ ಕೂತು, ಮುಂದಿನ ಫೆಬ್ರವರಿಯಲ್ಲಿ, ಹೇಳಿದ್ದು ಸರಿ ಅಂದಿತು. ಬೋಫೋರ್ಸ್, ಹರ್ಷದ್ ಮೆಹ್ತಾ, ಕೇತನ್ ಪಾರೇಖ್ ಹಗರಣಗಳಾದ ಮೇಲೆ ನಾಲ್ಕನೆಯ ಜಂಟಿ ಸಮಿತಿ ಅದು. ಯಾವುದು ಸಮಿತಿಯ ಜಾತಿ, ಯಾವುದು ಇಂಕ್ ಬಾಟ್ಲಿಯ ಜಾತಿ ಅಂತ ಭಾನುವಾರ ಮಧ್ಯಾಹ್ನ ಊಟ ಮಾಡಿ ಕೂತವನಿಗೆ ಗೊತ್ತಾಗುವುದು ಹೇಗೆ, ಅದನ್ನೇ ಹೇಳೋಣವೆಂದು ಈ ಬರಹ ಶುರುಮಾಡಿದ್ದು. ವಾಚ್ ರಿಪೇರಿಯವರ ಹತ್ತಿರ ಹೋಗಿ ಅನ್ನುವುದರಾಚೆ ನನಗೆ ಏನೂ ಹೊಳೆಯುತ್ತಿಲ್ಲ.

ಮನೆಗೆ ಬಂದಾಗ ಲೇಬಲ್ಲಿಲ್ಲದ ಬಾಟ್ಲಿ ತೊಳೆದು, ನೀರು ತುಂಬಿಸಿಕೊಂಡು ಫ್ರಿಜ್ಜಿನ ಬಾಗಿಲಲ್ಲಿ ಅದೇ ಜಾಗದಲ್ಲಿ ನಿಂತಿತ್ತು. ಇನ್ನು ಐದು ವರ್ಷ ಅದಕ್ಕೆ ಸಾವಿಲ್ಲ. ಮಿಕ್ಸಿ ನಿಂತಿತ್ತು, ಹೆಂಡತಿಯ ಕೋಪವೂ ಇಳಿದಿತ್ತು.

"ತಮ್ಮ ಫೋನ್ ಮಾಡಿದ್ದ. ನಾಳೆ ರಾತ್ರಿನೇ ಬರ್ತಾರಂತೆ," ಅಂದಳು. "ಆ ವಿಷ ಎಲ್ಲಾ ತರ್ಬೇಡಿ. ಮನೇಲೇ ಶರಬತ್ತು ಮಾಡ್ತೀನಿ. ನಿಂಬೆಹಣ್ಣು ಆರು ತನ್ನಿ. ಹಾಂ, ಸಕ್ಕರೆನೂ ಮುಗ್ದಿದೆ, ಒಂದ್ ಕೇಜಿ."