ಮೂರು ಅಂಕ

ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುವ ಮನೆಗೆ ಅಂಟಿಕೊಂಡ ಹಾಗೆ ಒಂದು ಸಣ್ಣ ಕೋಣೆ ಇದೆ. ಮೊದಲು ಅಲ್ಲಿ ಹುಳು ಗೂಡು ಕಟ್ಟುವ ಚಂದ್ರಿಕೆ ಜೋಡಿಸಿ ಇಡುತ್ತಿದ್ದೆವು. ಈಗ ನನ್ನ ತಂಗಿ ಅಲ್ಲಿ ಕೂತು ಓದುತ್ತಾಳೆ. ಕಿರ್ಗಿಸ್ತಾನದಲ್ಲಿ ಡಾಕ್ಟರ್ ಓದಿ ಬಂದವಳು. ಹೋದ ಸಲ ಎಫ್‌ಎಂಜಿಇ ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು 147. ಬೇಕಿದ್ದದ್ದು 150.

ಹೊರದೇಶದಲ್ಲಿ ಡಾಕ್ಟರ್ ಓದಿದವರಿಗಾಗಿ 2002ರಿಂದ ಇರುವ ಪರೀಕ್ಷೆ ಇದು; ಪಾಸಾಗದೆ ಇಲ್ಲಿ ಡಾಕ್ಟರಾಗಿ ನೋಂದಣಿ ಸಿಗಲ್ಲ. ಒಂದೇ ದಿನ 300 ಪ್ರಶ್ನೆ, ಎರಡು ಭಾಗ. ಅನಾಟಮಿಯಿಂದ ಹಿಡಿದು ಹೆರಿಗೆ, ಕಣ್ಣು, ಚರ್ಮದವರೆಗೆ 19 ವಿಷಯ. ಮೊದಲ ವರ್ಷ ಓದಿದ್ದೂ ನೆನಪಿರಬೇಕು. 2024ರ ಜೂನ್ ಪರೀಕ್ಷೆಯಲ್ಲಿ ಐದು ಜನರಲ್ಲಿ ಹೆಚ್ಚುಕಮ್ಮಿ ಒಬ್ಬರು ಪಾಸಾದರು, ಅಷ್ಟೇ.

ಮೊನ್ನೆ ಪಕ್ಕದ ಮನೆ ಅಜ್ಜಿ ಬಿಪಿ ಮಾತ್ರೆಯ ಖಾಲಿ ಸ್ಟ್ರಿಪ್ ಹಿಡಿದುಕೊಂಡು ಬಂದರು. "ಡಾಕ್ಟರಮ್ಮ, ಇದೇ ಮಾತ್ರೆ ಬರೆದುಕೊಡು ತಾಯಿ." ತಂಗಿ ಸ್ಟ್ರಿಪ್ ತಿರುಗಿಸಿ ನೋಡಿದಳು. ಯಾವ ಮಾತ್ರೆ, ಯಾಕೆ ಕೊಡುತ್ತಾರೆ, ಎಲ್ಲಾ ಅವಳಿಗೆ ಗೊತ್ತು. ಆದರೂ, "ಸರ್ಕಾರಿ ಆಸ್ಪತ್ರೆಗೆ ಹೋಗೋಣ ಅಜ್ಜಿ, ನಾನೂ ಬರ್ತೀನಿ" ಅಂದಳು. ನೋಂದಣಿ ಇಲ್ಲದೆ ಚೀಟಿ ಬರೆಯೋ ಹಾಗಿಲ್ಲ. ಅಜ್ಜಿಗೆ ಅರ್ಥವಾಗಲಿಲ್ಲ. ನನಗೆ ಮಾತ್ರ ಹೊಟ್ಟೆಯಲ್ಲಿ ಸಂಕಟವಾಯಿತು.

ಪರೀಕ್ಷೆ ತೆಗೆದುಹಾಕಿ, ಪಾಸಿನ ಅಂಕ ಇಳಿಸಿ ಅಂತ ಕೆಲವರು ಕೇಳುತ್ತಾರೆ. ನಾನು ಒಪ್ಪಲ್ಲ. ತಂಗಿಯೂ ಒಪ್ಪಲ್ಲ. ಜೀವದ ವಿಷಯ ಅಲ್ವಾ, ಜರಡಿ ಇರಲೇಬೇಕು. ನನ್ನ ಸಿಟ್ಟು ಬೇರೆ ಕಡೆಗಿದೆ. ತಂಗಿಯನ್ನು ಅಲ್ಲಿಗೆ ಕಳಿಸಲು ನಮ್ಮನ್ನು ಒಪ್ಪಿಸಿದ ಏಜೆಂಟ್ ಹಾಸ್ಟೆಲ್ ಊಟದ ಫೋಟೋ ಸಹ ತೋರಿಸಿದ್ದ. ಈ ಪರೀಕ್ಷೆಯ ಬಗ್ಗೆ ಮಾತ್ರ, "ಅದೊಂದು ಸಣ್ಣ ಟೆಸ್ಟು ಸಾರ್" ಅಂದಿದ್ದ. ಅಪ್ಪ ಹಿಪ್ಪುನೇರಳೆ ತೋಟದ ಮೇಲೆ ಸಾಲ ಮಾಡಿದ್ದು ಆ ಮಾತನ್ನು ನಂಬಿ.

ಈಗ ಹೋಗುವವರಿಗೆ ದಾರಿ ಇನ್ನೂ ಉದ್ದ. 2021ರ ನಿಯಮದಂತೆ ಅಲ್ಲಿ ಕನಿಷ್ಠ 54 ತಿಂಗಳ ಓದು, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್, ಇಲ್ಲಿ ಪರೀಕ್ಷೆ, ಇಲ್ಲಿ ಮತ್ತೆ 12 ತಿಂಗಳ ಇಂಟರ್ನ್‌ಶಿಪ್. ಓದೂ ಇಂಗ್ಲಿಷಿನಲ್ಲೇ ಆಗಿರಬೇಕು. ಹಣ ಕಟ್ಟುವ ಮೊದಲೇ ಇದನ್ನೆಲ್ಲ ಮನೆಯವರನ್ನು ಕೂರಿಸಿ ಹೇಳಬೇಕು. ಹೇಳದೆ ಕಳಿಸೋದು ಮೋಸ. ಇನ್ನು, ಒಂದು ಸಲ ಪಾಸಾಗದವರನ್ನು "ಫೇಲ್ ಡಾಕ್ಟರ್" ಅನ್ನುವವರು ಆ 19 ಪುಸ್ತಕಗಳನ್ನು ಸುಮ್ನೆ ಒಮ್ಮೆ ಎತ್ತಿ ನೋಡಲಿ.

ನಮ್ಮ ಬೀದಿಯವರೊಬ್ಬರು ಮಗನನ್ನು ಕಳಿಸಲು ಪಾಸ್‌ಪೋರ್ಟ್ ಮಾಡಿಸಿದ್ದಾರೆ. ಭಾನುವಾರ ಅಪ್ಪ ಮಗ ಇಬ್ಬರನ್ನೂ ತಂಗಿ ಮನೆಗೆ ಕರೆದಿದ್ದಾಳೆ. 147ರ ಅಂಕಪಟ್ಟಿಯನ್ನು ಪ್ರಿಂಟ್ ತೆಗೆಸಿ ಇಟ್ಟುಕೊಂಡಿದ್ದಾಳೆ.